ಮೈಗೆ ಒಳ್ಳೇದು

ಜೂನ್ 16, ಸೋಮವಾರ

ಬರೆಯದೆ ಇದ್ದರೆ ಕಿರುಚುತ್ತೇನೆ. ಕಿರುಚಿದರೆ ಕೆಳಗಿನ ಮನೆಯ ಲಕ್ಷ್ಮಕ್ಕ ಮೆಟ್ಟಿಲು ಹತ್ತಿ ಬಂದು "ಏನಾತು ಅಂಬಿಕಾ?" ಅನ್ನುತ್ತಾಳೆ. ಅದಕ್ಕೇ ಆಫೀಸಿನಲ್ಲಿ ಕೊಟ್ಟಿದ್ದ ಡೈರಿ ತೆಗೆದು ಕೂತಿದ್ದೇನೆ. ಇಲ್ಲಿ ಎಷ್ಟು ಬೈದರೂ ಯಾರೂ ಮೆಟ್ಟಿಲು ಹತ್ತುವುದಿಲ್ಲ.

ಅವ್ವನನ್ನು ದಾವಣಗೆರೆಗೆ ಕರೆದುಕೊಂಡು ಹೋಗಿದ್ದೆ. ಬಲಗಾಲಿನ ಕಿರುಬೆರಳು ಕಪ್ಪಾಗಿದೆ. ಸಕ್ಕರೆ ಕಾಯಿಲೆ ಇಟ್ಟುಕೊಂಡು ಗದ್ದೆಗೆ ನಾಟಿ ಹಚ್ಚಲು ಹೋಗಿದ್ದಾಳೆ, ಏನೋ ಚುಚ್ಚಿದೆ, ಅರಿಶಿನ ಮೆತ್ತಿಕೊಂಡು ಸೂಳೆಕೆರೆ ಏರಿಯೆಲ್ಲ ತಿರುಗಿದ್ದಾಳೆ. ನನಗೂ ಹೇಳಲಿಲ್ಲ, ಹೊನ್ನಾಳಿಯಲ್ಲಿರುವ ತಮ್ಮ ಪರಶುರಾಮನಿಗೂ ಹೇಳಲಿಲ್ಲ. ವಾಸನೆ ಬಂದ ಮೇಲೆ ಅವಳ ಪಕ್ಕದ ಮನೆಯವರು ಫೋನ್ ಮಾಡಿದರು. ಮೊನ್ನೆ ಹೋಗಿ ಚನ್ನಗಿರಿಗೆ, ನನ್ನ ಮನೆಗೆ ಕರೆತಂದೆ.

ಡಾಕ್ಟರು ಸುತ್ತಿ ಬಳಸಿ ಮಾತಾಡಲಿಲ್ಲ. ಸಕ್ಕರೆ ಇಳಿಯದಿದ್ದರೆ ಬೆರಳು ಹೋಗುತ್ತೆ, ಬೆರಳಿಗೆ ನಿಲ್ಲದಿದ್ದರೆ ಪಾದ ಹೋಗುತ್ತೆ ಅಂದರು. "ಏನಮ್ಮಾ ಊಟ?" ಎಂದು ಕೇಳಿದರು. ನಮ್ಮವ್ವ ಜಿಲ್ಲೆಗೇ ಫಸ್ಟ್ ಬಂದವಳ ಹಾಗೆ ಎದೆ ಮುಂದೆ ಮಾಡಿ, "ಅನ್ನ ರೀ. ಮೂರು ಹೊತ್ತೂ ಅನ್ನ. ನಮ್ಮ ಮನ್ಯಾಗೆ ಅನ್ನಕ್ಕೆ ಬರಗಾಲ ಇಲ್ಲ" ಅಂದಳು. ಡಾಕ್ಟರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅನ್ನ ಬಿಡಿಸಿ, ಸಿರಿಧಾನ್ಯ, ಕಾಳು, ಸೊಪ್ಪು ಕೊಡಿ ಅಂದರು.

ಬಸ್ಸಿನಲ್ಲಿ ಚನ್ನಗಿರಿ ಬರುವವರೆಗೂ ಅವ್ವ ಒಂದೇ ಮಾತು ಆಡಿದ್ದು. "ಮನಿಗೆ ಹೋದ ತಕ್ಷಣ ಬಿಸಿ ಅನ್ನ ಮಾಡೇ ಅಂಬಿ, ಹೊಟ್ಟೆ ಹಸ್ದೈತೆ."

ಕಾಲು ಹೋಗುತ್ತೆ ಅಂದಿದ್ದು ಇವಳಿಗೆ ಕೇಳಿಸಿತೋ ಇಲ್ಲವೋ!

ಜೂನ್ 17, ಮಂಗಳವಾರ

ಆಫೀಸಿನಲ್ಲಿ ಸಂಧ್ಯಾರಾಣಿ ಮೇಡಂ ಇಲ್ಲದಿದ್ದರೆ ನನ್ನ ಗತಿ ಏನಾಗುತ್ತಿತ್ತೋ. ನನ್ನ ಪಕ್ಕದ ಮೇಜು ಅವರದು. ವಿಷಯ ಹೇಳಿದ್ದೇ ತಡ, ಮೊಬೈಲ್ ತೆಗೆದು ತಾವು ಪ್ರತಿ ತಿಂಗಳು ತರಿಸುವುದನ್ನೆಲ್ಲ ಒಂದೊಂದಾಗಿ ತೋರಿಸಿದರು. ನವಣೆ, ಸಾಮೆ, ಊದಲು, ಓಟ್ಸ್, ಅಗಸೆ ಬೀಜ, ಚಿಯಾ ಬೀಜ, ಸಿಪ್ಪೆ ತೆಗೆಯದ ಹೆಸರು, ಗಾಣದ ಎಣ್ಣೆ. "ಅಂಗಡೀಲಿ ತಗೋಬೇಡಿ ಅಂಬಿಕಾ, ಕಲ್ಲು ಮಣ್ಣು ಇರುತ್ತೆ. ಈ ಆಪಲ್ಲಿ ಎಲ್ಲ ಕ್ಲೀನಾಗಿ ಬರುತ್ತೆ. ನಾನು ಅಕ್ಕಿ ಬಿಟ್ಟು ವರ್ಷದ ಮೇಲಾಯ್ತು, ನೋಡಿ ಹೆಂಗಿದೀನಿ!" ಅಂದರು. ನಿಜವೇ. ನನಗಿಂತ ದೊಡ್ಡವರು, ಮೆಟ್ಟಿಲನ್ನು ಓಡಿ ಹತ್ತುತ್ತಾರೆ.

ನನ್ನ ಮೊಬೈಲಿಗೆ ಆಪ್ ಹಾಕಿಕೊಟ್ಟರು. ತಮ್ಮ 'ಮೆಚ್ಚಿನ ಪದಾರ್ಥಗಳು' ಅನ್ನುವುದನ್ನು ಹಾಗೇ ನನಗೆ ಕಳಿಸಿದರು. ಒಂದು ಗುಂಡಿ ಒತ್ತಿದೆ, ಅಷ್ಟೂ ಆರ್ಡರ್ ಆಯಿತು. ಹೆತ್ತ ಮಗ ಪರಶುರಾಮ "ನೋಡಕ್ಕಾ, ನೀನೇ ನೋಡ್ಕೊ" ಎಂದು ಫೋನ್ ಇಟ್ಟ. ಸಂಬಂಧವೇ ಇಲ್ಲದವರು ಇಷ್ಟು ಮಾಡುತ್ತಾರೆ.

ಜೂನ್ 20, ಶುಕ್ರವಾರ

ಆಪಿನವರ ವಂಶ ಉದ್ಧಾರವಾಗಲಿ! 'ನಿಮ್ಮ ಮನೆ ಬಾಗಿಲಿಗೆ' ಅಂತ ಇಷ್ಟು ದಪ್ಪ ಅಕ್ಷರದಲ್ಲಿ ಹಾಕಿಕೊಂಡಿದ್ದಾರೆ. ಮಧ್ಯಾಹ್ನ ಫೋನು. "ಮೇಡಂ, ಚನ್ನಗಿರಿಗೆ ಗಾಡಿ ಬರಲ್ಲ, ಸವಳಂಗದಾಗೆ ಇಳ್ಸಿದೀನಿ, ಬಸ್ ಸ್ಟ್ಯಾಂಡ್ ಎದುರಿನ ಬೇಕರಿಯಾಗೆ ಐತೆ, ಇಸ್ಕಳ್ರಿ." ನನ್ನ ಮನೆ ಬಾಗಿಲು ಸವಳಂಗದಲ್ಲಿ ಯಾವಾಗ ಇಟ್ಟರೋ! ಅರ್ಧ ದಿನ ರಜೆ ಬರೆದು, ಬಸ್ಸಿನಲ್ಲಿ ನಿಂತುಕೊಂಡು ಹೋಗಿ, ಆ ಡಬ್ಬ ಹೊತ್ತು ತಂದೆ. ಬೇಕರಿಯವನು ಅದರ ಮೇಲೆ ಬನ್ನಿನ ಟ್ರೇ ಇಟ್ಟಿದ್ದ.

ಮನೆಗೆ ತಂದು ಒಂದೊಂದೇ ಪ್ಯಾಕೆಟ್ ತೆಗೆದು ಅವ್ವನ ಮುಂದೆ ಜೋಡಿಸಿದೆ. ನವಣೆ ಪ್ಯಾಕೆಟ್ಟಿನ ಮೇಲೆ ಒಬ್ಬಳು ಅಜ್ಜಿಯ ಚಿತ್ರ. ಹಿತ್ತಾಳೆ ಪಾತ್ರೆ ಹಿಡಿದು ನಗುತ್ತಿದ್ದಾಳೆ. ಅವ್ವ ಅದನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಈ ಮುದುಕಿ ನವಣೆ ತಿಂದೋಳಲ್ಲ" ಅಂದಳು.

"ಯಾಕೆ?"

"ತಿಂದೋಳಾಗಿದ್ರೆ ಹಿಂಗೆ ನಗ್ತಿರ್ಲಿಲ್ಲ. ಏನು ಬರ್ದಾರೆ ಇಲ್ಲಿ?"

"ಮೈಗೆ ಒಳ್ಳೆಯದು, ಮನಸ್ಸಿಗೂ ಒಳ್ಳೆಯದು ಅಂತ."

ಪ್ಯಾಕೆಟ್ಟನ್ನು ನೆಲಕ್ಕೆ ಇಟ್ಟು ಗೋಡೆ ಕಡೆ ಮುಖ ಮಾಡಿ ಮಲಗಿದಳು. ನಾನು ಸವಳಂಗದಿಂದ ಹೊತ್ತು ತಂದಿದ್ದಕ್ಕೆ ಸಿಕ್ಕ ಮರ್ಯಾದೆ ಇದು.

ಜೂನ್ 22, ಭಾನುವಾರ

ಸಂಧ್ಯಾ ಮೇಡಂ ಹೇಳಿದ ಹಾಗೇ ಮಾಡಿದೆ. ನವಣೆ ತೊಳೆದು, ನೆನೆಹಾಕಿ, ಬೇಳೆ, ಸೊಪ್ಪು, ಖಾರ ಎಲ್ಲ ಕುಕ್ಕರಿಗೆ ಹಾಕಿ ಬಿಸಿಬೇಳೆ ಅನ್ನದ ಥರ. ಘಮ ಘಮ ಅಂತಿತ್ತು. ತಟ್ಟೆಗೆ ಹಾಕಿ, ತುಪ್ಪ ಬಿಟ್ಟು, ಅವ್ವನ ಮುಂದಿಟ್ಟೆ.

ಅವ್ವ ಎರಡು ಬೆರಳಿನಲ್ಲಿ ತಟ್ಟೆಯನ್ನು ತಳ್ಳಿದಳು. ಕೋಪ ಇಲ್ಲ, ಕೂಗಾಟ ಇಲ್ಲ. ಮೇಜಿನ ಮೇಲೆ ಸತ್ತ ಜಿರಳೆ ತಳ್ಳುವ ಹಾಗೆ.

"ಅನ್ನ ಇಕ್ಕು."

"ಇದೂ ಅನ್ನವೇ ಅವ್ವ, ನವಣೆ ಅನ್ನ."

"ನವಣೆ ನವಣೆನೇ. ಅನ್ನ ಅಂದ್ರೆ ಅಕ್ಕಿ. ಜಗಳೂರು ಸೀಮೆ ಬಿಟ್ಟು ನಿಮ್ಮಪ್ಪನ ಹಿಂದೆ ಸೂಳೆಕೆರೆಗೆ ಬಂದಾಗ್ಲೇ ಅದನ್ನ ಬಿಟ್ಟೀನಿ. ಸತ್ರೂ ತಿನ್ನಂಗಿಲ್ಲ."

"ಕಾಲು ಹೋದ್ರೆ?"

"ಹೋಗ್ಲಿ. ಇನ್ನೊಂದು ಐತೆ."

ನಾನು ಏನೇನು ಅಂದೆ ಅನ್ನುವುದನ್ನು ಇಲ್ಲಿ ಬರೆಯಲಾರೆ. ಲಕ್ಷ್ಮಕ್ಕ ಮೆಟ್ಟಿಲು ಹತ್ತಿ ಬಂದಳು.

ಜೂನ್ 26, ಗುರುವಾರ

ಮೋಸ! ನಾನು ಆಫೀಸಿಗೆ ಹೋದ ಮೇಲೆ ಅವ್ವ ಕಿಟಕಿಯಿಂದ ಪಾತ್ರೆ ಇಳಿಬಿಡುತ್ತಾಳಂತೆ. ಲಕ್ಷ್ಮಕ್ಕ ಕೆಳಗಿನಿಂದ ಬಿಸಿ ಅನ್ನ ತುಂಬಿ ಕಳಿಸುತ್ತಾಳಂತೆ. ನನ್ನ ಹಳೇ ವೇಲ್ ಹಗ್ಗವಾಗಿದೆ. ಇವತ್ತು ತಲೆನೋವೆಂದು ಬೇಗ ಬಂದೆ, ಪಾತ್ರೆ ಅರ್ಧ ದಾರಿಯಲ್ಲಿ ತೂಗಾಡುತ್ತಿತ್ತು.

"ಅಲ್ಲ ಲಕ್ಷ್ಮಕ್ಕ, ನಿಮಗಾದರೂ ಬುದ್ಧಿ ಬೇಡವಾ?" ಅಂದೆ. "ಮುದುಕಿ ಅನ್ನ ಅಂತ ಕೇಳಿದ್ರೆ ಹೆಂಗೆ ಇಲ್ಲ ಅನ್ನಾಕೆ ಆಗುತ್ತೆ? ಬಾಯಿ ಬರಲ್ಲ ಕಣೆ" ಅಂದಳು.

ಎಲ್ಲರೂ ಕರುಣಾಮಯಿಗಳು. ನಾನೊಬ್ಬಳು ರಾಕ್ಷಸಿ.

ಜುಲೈ 1, ಮಂಗಳವಾರ

ಮನೆಯಲ್ಲಿ ಬೆಲೆ ಇಲ್ಲದ ನವಣೆಯನ್ನು ಆಫೀಸಿಗೆ ಕಟ್ಟಿಕೊಂಡು ಹೋಗಿದ್ದೆ. ಮಧ್ಯಾಹ್ನ ರೆಕಾರ್ಡ್ ರೂಮಿನ ಪಕ್ಕದ ಮೇಜಿಗೆ ನಾವೆಲ್ಲ ಒಟ್ಟಿಗೆ ಕೂರುವುದು. ಪಂಚಾಕ್ಷರಪ್ಪ ಸರ್ ಇದ್ದಲ್ಲಿ ಡಬ್ಬಿಯ ಮುಚ್ಚಳ ತೆಗೆಯುವುದೇ ಕಷ್ಟ. ಇನ್ನೇನು ರಿಟೈರ್ ಆಗುವ ಮನುಷ್ಯ, ಯಾರ ಡಬ್ಬಿಯಾದರೂ ಸರಿ, ಮೊದಲ ಚಮಚ ಅವರದೇ. "ಏನ್ರೀ ಇದು, ಗುಬ್ಬಿಗೆ ಹಾಕೋ ಕಾಳಿದ್ದಂಗೈತೆ!" ಅನ್ನುತ್ತಲೇ ಅರ್ಧ ಖಾಲಿ ಮಾಡಿದರು.

ಸಂಧ್ಯಾ ಮೇಡಂ ಎಂದಿನಂತೆ ತಮ್ಮ ಅಗಸೆ ಚಟ್ನಿಪುಡಿ, ಊದಲಿನ ಉಪ್ಪಿಟ್ಟು ನನ್ನ ಮುಚ್ಚಳಕ್ಕೆ ಹಾಕಿದರು. ಎಷ್ಟು ದೊಡ್ಡ ಕೈ ಅವರದು. ನಾನು ಖುಷಿಯಿಂದ ನನ್ನ ಡಬ್ಬಿ ಮುಂದೆ ಮಾಡಿ, "ನೀವು ಹೇಳಿದ ಹಾಗೇ ಮಾಡಿದ್ದೀನಿ ಮೇಡಂ, ರುಚಿ ನೋಡಿ" ಅಂದೆ. "ಅಯ್ಯೋ, ಹೊಟ್ಟೆ ತುಂಬೋಯ್ತಲ್ರೀ, ನಾಳೆ ಖಂಡಿತ" ಅಂದರು. ಮೊದಲೆಲ್ಲ ನಾನು ಅನ್ನ ಸಾರು ತರುತ್ತಿದ್ದಾಗ ಅಕ್ಕಿ ಬಿಟ್ಟಿದ್ದೀನಿ ಅನ್ನುತ್ತಿದ್ದರು. ಇವತ್ತು ಹೊಟ್ಟೆ ತುಂಬಿತ್ತು. ಅಳತೆ ಮೀರಿ ಒಂದು ತುತ್ತೂ ತಿನ್ನುವುದಿಲ್ಲ. ಶಿಸ್ತು ಅಂದರೆ ಶಿಸ್ತು! ಅದರಲ್ಲಿ ಕಾಲುಭಾಗ ನಮ್ಮವ್ವನಿಗೆ ಇದ್ದಿದ್ದರೆ ಬೆರಳು ಈ ಗತಿಗೆ ಬರುತ್ತಿರಲಿಲ್ಲ.

ಜುಲೈ 6, ಭಾನುವಾರ

ಮೊನ್ನೆ ಮನೆಯಲ್ಲಿದ್ದ ಅಕ್ಕಿಯನ್ನೆಲ್ಲ ಮೂಟೆ ಕಟ್ಟಿ ಲಕ್ಷ್ಮಕ್ಕನಿಗೆ ಕೊಟ್ಟೆ. ವೇಲ್ ಬಚ್ಚಿಟ್ಟೆ. ಅವ್ವ ನಿನ್ನೆ ಏನೂ ತಿನ್ನಲಿಲ್ಲ. ಹಾಲು ಕುಡಿದು ಮಲಗಿದಳು. ಮಾತ್ರೆ ತಿಂದು ಊಟ ಬಿಟ್ಟರೆ ಏನಾಗುತ್ತೆ ಅನ್ನುವ ಹೆದರಿಕೆ ನನಗೆ. ಅವಳಿಗೆ ಇಲ್ಲ.

ಇವತ್ತು ಉಪಾಯ ಮಾಡಿದೆ. ನವಣೆಯನ್ನು ರುಬ್ಬಿ, ಉದ್ದಿನಬೇಳೆ ಸೇರಿಸಿ ದೋಸೆ ಹೊಯ್ದೆ. ನೋಡಿದರೆ ಅಕ್ಕಿ ದೋಸೆಗೂ ಅದಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಒಂದು ತುಂಡು ಮುರಿದು ಬಾಯಿಗಿಟ್ಟಳು. ಅಗಿಯುವುದನ್ನು ನಿಲ್ಲಿಸಿದಳು. ಎದ್ದು, ಕುಂಟುತ್ತಾ ಬಚ್ಚಲಿಗೆ ಹೋಗಿ ಉಗಿದು ಬಂದಳು.

ನಾನು ಸೌಟು ಎಸೆದೆ. "ಹೇಳು, ಯಾಕೆ? ಏನು ಮಾಡಿದೆ ಆ ನವಣೆ ನಿನಗೆ? ಹೇಳದಿದ್ರೆ ನಾನೂ ಊಟ ಬಿಡ್ತೀನಿ" ಅಂದೆ. ಹೇಳಿದಳು. ಇಷ್ಟು ವರ್ಷದಲ್ಲಿ ಯಾವತ್ತೂ ಹೇಳದಿದ್ದುದನ್ನು ದೋಸೆ ಹೆಂಚು ಸೀಯುತ್ತಿರುವಾಗ ಹೇಳಿದಳು.

ಮೈನೆರೆಯುವ ಮೊದಲೇ ಒಬ್ಬರ ಮನೆಗೆ ಕಳೆ ಕೀಳಲು ಹೋಗುತ್ತಿದ್ದಳಂತೆ. ಮಧ್ಯಾಹ್ನಕ್ಕೆ ಬೇಲಿ ಹೊರಗೆ ನಿಂತು ಉಡಿ ಒಡ್ಡಬೇಕು. ಆ ಮನೆಯಾಕೆ ಮೇಲಿಂದ ನವಣೆ ಅನ್ನ ಸುರಿಯುತ್ತಿದ್ದಳು, ಪಾತ್ರೆ ತಾಗದ ಹಾಗೆ, ಎತ್ತರದಿಂದ. ಬಿಸಿ ಇರುತ್ತಿತ್ತು. ಹೊಟ್ಟೆ ಸುಡುತ್ತಿತ್ತು, ಉಡಿ ಬಿಡುವಂತಿಲ್ಲ. ಒಂದು ಅಮಾವಾಸ್ಯೆ ಆ ಮನೆಯಲ್ಲಿ ಅಕ್ಕಿ ಅನ್ನ ಬೇಯುವ ವಾಸನೆ ಬಂತು. ಸಣ್ಣವಳು ಕೇಳಿಬಿಟ್ಟಳಂತೆ, "ಅವ್ವಾರೆ, ಇವತ್ತು ಒಂದು ಹಿಡಿ ಅಕ್ಕಿ ಅನ್ನ ಇಕ್ರಿ."

"ಏನಂದ್ಲು ಆಕೆ?"

"ನಕ್ಕಳು. 'ಅಕ್ಕಿ ಯಾಕೆ ನಿಂಗೆ? ನವಣೆ ತಿನ್ನು, ಮೈಗೆ ಒಳ್ಳೇದು' ಅಂದ್ಲು."

ಅವ್ವ ಪ್ಯಾಕೆಟ್ಟಿನ ಕಡೆ ಬೆರಳು ತೋರಿಸಿದಳು. "ಅದ್ರ ಮ್ಯಾಲೂ ಅದೇ ಬರ್ದೈತೆ ಅಂದ್ಯಲ್ಲ."

ಪಾಪ ಅನ್ನಿಸಬೇಕಿತ್ತು. ಅನ್ನಿಸಿತು ಕೂಡ. ಆದರೆ ಬಾಯಿಗೆ ಬಂದದ್ದು ಬೇರೆ. "ಆ ಹೆಂಗಸು ಸತ್ತು ಮಣ್ಣಾಗಿರ್ತಾಳೆ, ಅವಳ ಮೇಲಿನ ಸಿಟ್ಟಿಗೆ ನಿನ್ನ ಕಾಲು ಕತ್ತರಿಸಿಕೊಳ್ತೀಯಾ? ಯಾರಿಗೆ ನಷ್ಟ?" ಅಂದೆ. ನನಗೆ ಆಕೆಯ ಮೇಲೆ ಸಿಟ್ಟು, ಅವ್ವನ ಮೇಲೆ ಸಿಟ್ಟು, ಸೀದ ದೋಸೆಯ ಮೇಲೂ ಸಿಟ್ಟು.

ಜುಲೈ 10, ಗುರುವಾರ

ಬೆರಳು ತೆಗೆದರು.

ಪರಶುರಾಮ ಬಂದು, "ನಿನ್ನ ಹತ್ರ ಬಿಟ್ಟಿದ್ದಕ್ಕೆ ಹಿಂಗಾತು" ಅಂದ. ಅವನ ಕೆನ್ನೆಗೆ ಹೊಡೆಯಲಿಲ್ಲ, ಆಸ್ಪತ್ರೆ ಅಂತ ಸುಮ್ಮನಾದೆ.

ಆಪರೇಷನ್ ಕೋಣೆಯ ಹೊರಗೆ ಕೂತಿದ್ದಾಗ ಮೊಬೈಲ್ ಟಿಣ್ ಅಂತು. 'ಅಂಬಿಕಾ, ನಿಮ್ಮ ಮೆಚ್ಚಿನ ಪದಾರ್ಥಗಳು ನಿಮಗಾಗಿ ಕಾಯುತ್ತಿವೆ!'

ಜುಲೈ 17, ಗುರುವಾರ

ಮನೆಗೆ ಬಂದೆವು. ಗಾಯ ಒಣಗಬೇಕು. ಒಣಗದಿದ್ದರೆ ಮತ್ತೆ ಕತ್ತರಿ, ಈ ಸಲ ಮೇಲಕ್ಕೆ. ಡಾಕ್ಟರು ನನ್ನನ್ನೇ ಗದರಿದರು, ಏನು ತಿನ್ನಿಸ್ತಿದ್ದೀರಮ್ಮಾ ಅಂತ. ಏನು ಹೇಳಲಿ? ಡಬ್ಬಗಳ ತುಂಬ ನವಣೆ, ಸಾಮೆ, ಚಿಯಾ ಬೀಜ ಇದೆ ಸಾರ್, ನೋಡಲು ಬಹಳ ಚೆನ್ನಾಗಿದೆ ಅನ್ನಲೇ? ಅವ್ವ ಈಗ ಹೆಸರುಕಾಳು, ಸೊಪ್ಪಿನ ಪಲ್ಯ ತಿನ್ನುತ್ತಾಳೆ. ಜೊತೆಗೆ ಅನ್ನ ಬೇಕು. ಒಂದು ಸೌಟು ಅಂದರೆ ಎರಡು. ಅನ್ನ ಇಲ್ಲದಿದ್ದರೆ ಉಪವಾಸ. ನಾನು ಸೋತು ಲಕ್ಷ್ಮಕ್ಕನಿಂದ ಅಕ್ಕಿ ವಾಪಸ್ ತಂದೆ.

ಇವತ್ತು ನಡೆಯಲು ಹೋಗಿ ಗೋಡೆ ಹಿಡಿದು ನಿಂತಳು. ಇಲ್ಲದ ಬೆರಳು ನೋಯುತ್ತೆ ಅನ್ನುತ್ತಾಳೆ. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಆಗಸ್ಟ್ 1, ಶುಕ್ರವಾರ

ಭಾನುವಾರ ಅವ್ವನನ್ನು ನೋಡಲು ಸಂಧ್ಯಾ ಮೇಡಂ ಬರುತ್ತಾರಂತೆ. ಆಫೀಸಿನವರು ನಮ್ಮ ಮನೆಗೆ ಬರುವುದು ಇದೇ ಮೊದಲು. ಅವರ ಬಾಯಿಂದಲೇ ಅವ್ವನಿಗೆ ಹೇಳಿಸಬೇಕು. ಮಗಳ ಮಾತಿಗೆ ಬೆಲೆ ಇಲ್ಲ, ಹೊರಗಿನವರು ಹೇಳಿದರೆ ಕಿವಿಗೆ ಹೋಗಬಹುದು.

ಅವ್ವನಿಗೆ ಬೇರೆಯೇ ಸಂಭ್ರಮ. "ನಮ್ಮೂರಿಂದ ತಂದಿರೋ ಅಕ್ಕಿ ಐತಲ್ಲ, ಸಣ್ಣಕ್ಕಿ, ಅದನ್ನ ಮಾಡು. ಬದನೆಕಾಯಿ ಪಲ್ಯ, ಬೇಳೆ ಸಾರು" ಅಂದಳು.

"ಅವ್ವ, ಅವರು ಅನ್ನ ತಿನ್ನಲ್ಲ. ಬಿಟ್ಟಿದಾರೆ."

"ಮನಿಗೆ ಬಂದೋರಿಗೆ ಅನ್ನ ಇಕ್ಕದೆ ಕಳ್ಸಾಕೆ ಆಗುತ್ತಾ? ಏನು ಮಾತಂತ ಆಡ್ತೀಯೆ!"

ಹಾಳಾಗಿ ಹೋಗಲಿ, ಎರಡೂ ಇರಲಿ.

ಆಗಸ್ಟ್ 3, ಭಾನುವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಮೇಡಂ ಹನ್ನೊಂದಕ್ಕೆ ಬಂದರು. ಸೇಬು, ದಾಳಿಂಬೆ, ಒಂದು ಪ್ಯಾಕೆಟ್ ಓಟ್ಸ್ ತಂದಿದ್ದರು. ಗೋಡೆಯ ಮೇಲಿನ ಬಾಬಾಸಾಹೇಬರ ಫೋಟೊ, ಬುದ್ಧನ ಫೋಟೊ ನೋಡಿ "ಚೆನ್ನಾಗಿದೆ ಮನೆ, ಗಾಳಿ ಬೆಳಕು ಬರುತ್ತೆ" ಅಂದರು. ನೀರು ಕೊಟ್ಟೆ. ತಮ್ಮ ಬಿಸಿನೀರಿನ ಬಾಟಲಿ ಬ್ಯಾಗಿನಲ್ಲೇ ಇತ್ತು, ಅದನ್ನೇ ಕುಡಿದರು. ಅವ್ವನ ಪಕ್ಕ ಕುರ್ಚಿಯ ತುದಿಯಲ್ಲಿ ಕೂತು, ಬಹಳ ಪ್ರೀತಿಯಿಂದ, "ಅಮ್ಮಾ, ಅನ್ನ ಬಿಡ್ರಿ. ನಿಮ್ಮ ಮಗಳು ಎಷ್ಟು ಒದ್ದಾಡ್ತಾಳೆ ಗೊತ್ತಾ? ನವಣೆ ತಿನ್ರಿ, ಮೈಗೆ ಒಳ್ಳೇದು" ಅಂದರು.

ಅವ್ವ ಏನಾದರೂ ಅಂದುಬಿಡುತ್ತಾಳೆ ಅಂದುಕೊಂಡೆ. "ಊಟಕ್ಕೆ ಏಳ್ರಿ ಮೇಡಮ್ಮೋರೆ" ಅಂದಳು ಅಷ್ಟೆ.

"ಅಯ್ಯೋ ಬೇಡಮ್ಮಾ. ನಾನು ಅಕ್ಕಿ ಮುಟ್ಟಲ್ಲ. ನವಣೆ, ಊದಲು ಅಷ್ಟೇ."

ಅವ್ವ ಅವರ ಮುಖ ನೋಡಿದಳು, ನನ್ನ ಮುಖ ನೋಡಿದಳು. "ಅಂಬಿ, ಆ ಪ್ಯಾಕೆಟ್ಟು ತೆಗಿ. ಒಲೆ ಹಚ್ಚು."

"ಯಾವ ಪ್ಯಾಕೆಟ್ಟು?"

"ಆ ನಗೋ ಮುದುಕಿದು. ಅರ್ಧ ತಾಸು ಕೂತ್ಕಳ್ರಿ ಮೇಡಮ್ಮೋರೆ, ಬಿಸಿ ಬಿಸಿ ಆಗ್ತೈತೆ."

ಮೇಡಂ ಬೇಡ ಬೇಡ ಅಂದರು. ಅವ್ವ ಕಾಲು ಚಾಚಿಕೊಂಡು ಬಾಗಿಲಿಗೆ ಅಡ್ಡ ಕೂತಿದ್ದಳು, ಬ್ಯಾಂಡೇಜಿನ ಕಾಲನ್ನು ದಾಟಿ ಹೋಗಲು ಯಾರಿಗೂ ಮನಸ್ಸಾಗುವುದಿಲ್ಲ. ನಾನು ಎದ್ದೆನೋ ಬಿದ್ದೆನೋ ಎಂದು ಅಡುಗೆಮನೆಗೆ ಓಡಿದೆ. ನೆನೆಹಾಕಲೂ ಹೊತ್ತಿಲ್ಲ. ಬೇಳೆ, ಸೊಪ್ಪು, ಖಾರದಪುಡಿ, ಹುಣಸೆಹುಳಿ, ಎಲ್ಲ ಕುಕ್ಕರಿಗೆ. ನಡುಮನೆಯಿಂದ ಅವ್ವನ ಮಾತು ಕೇಳುತ್ತಿತ್ತು. ನಿಮ್ಮ ಮಕ್ಕಳು ಎಷ್ಟು, ಏನು ಓದ್ತಾರೆ, ಎಂದು ಕೇಳುತ್ತಿದ್ದಳು. ಇಷ್ಟು ಮಾತು ಅವ್ವ ನನ್ನ ಹತ್ತಿರವೂ ಆಡಿಲ್ಲ.

ತಟ್ಟೆಗೆ ಹಾಕಿ ತಂದೆ. ಅವ್ವ ಅದನ್ನು ನನ್ನ ಕೈಯಿಂದ ಇಸಿದುಕೊಂಡು, ತಾನೇ ತುಪ್ಪ ಬಿಟ್ಟು, ಎರಡೂ ಕೈಯಲ್ಲಿ ಹಿಡಿದು ಮೇಡಂ ಮುಂದೆ ಸ್ಟೂಲಿನ ಮೇಲೆ ಇಟ್ಟಳು.

"ಒಂದು ತುತ್ತು."

ಮೇಡಂ ಚಮಚ ಹಿಡಿದರು. ಕಲಸಿದರು. ಆರಲಿ ಅಂದರು. ಮತ್ತೆ ಕಲಸಿದರು. ಅಷ್ಟರಲ್ಲಿ ಅವರ ಮನೆಯಿಂದ ಫೋನು. ಮಾತಾಡಿ, "ಅಯ್ಯೋ, ಮನೆಗೆ ಯಾರೋ ಬಂದಿದಾರಂತೆ ರೀ. ಅಂಬಿಕಾ, ಒಂದು ಡಬ್ಬೀಲಿ ಹಾಕಿ ಕೊಡಿ, ಮನೇಲಿ ಆರಾಮಾಗಿ ಕೂತು ತಿಂತೀನಿ" ಅಂದರು. ಸ್ಟೀಲ್ ಡಬ್ಬಿಗೆ ಕುಕ್ಕರಿನಿಂದ ತುಂಬಿ ಕೊಟ್ಟೆ. ಅವ್ವ ಕಾಲು ಮಡಚಿ ದಾರಿ ಬಿಟ್ಟಳು. ಅವರು ಹೋದರು.

ಅವ್ವ ಸ್ವಲ್ಪ ಹೊತ್ತು ಆ ತಟ್ಟೆಯನ್ನೇ ನೋಡುತ್ತಾ ಕೂತಿದ್ದಳು. ಆಮೇಲೆ ಸ್ಟೂಲನ್ನು ತನ್ನ ಕಡೆ ಎಳೆದುಕೊಂಡು, ಚಮಚ ಎತ್ತಿಟ್ಟು, ಕೈಯಲ್ಲಿ ತಿಂದಳು. ನವಣೆ! ಅವ್ವ! ಒಂದು ಅಗುಳೂ ಬಿಡದೆ ತಿಂದಳು. ನಾನು ಬಾಗಿಲಲ್ಲಿ ನಿಂತಿದ್ದೆ.

"ನಮ್ಮ ಮನ್ಯಾಗೆ ಬೆಂದಿದ್ದು, ಯಾಕೆ ಚೆಲ್ಲಲಿ? ಉಪ್ಪು ಮರ್ತೀಯ" ಅಂದಳು ಕೈ ತೊಳೆಯುತ್ತಾ.

ಅಯ್ಯೋ, ಹೌದು. ಗಡಿಬಿಡಿಯಲ್ಲಿ ಉಪ್ಪೇ ಹಾಕಿರಲಿಲ್ಲ. ಕುಕ್ಕರಿನಲ್ಲಿ ಮಿಕ್ಕಿದ್ದನ್ನು ನಾಲಿಗೆಗೆ ಹಚ್ಚಿ ನೋಡಿದೆ, ಒಂದು ಕಲ್ಲು ಉಪ್ಪೂ ಬಿದ್ದಿಲ್ಲ. ಪಾಪ, ಮೇಡಂ ಏನಂದುಕೊಳ್ಳುತ್ತಾರೋ! ಅವ್ವ ಇವತ್ತು ತಿಂದಿದ್ದು ಅವರಿಂದಲೇ. ಅವರ ಶಿಸ್ತು ಕಣ್ಣಾರೆ ನೋಡಿ ಮನಸ್ಸು ಕರಗಿದೆ. ನಾಳೆ ಉಪ್ಪಿನ ವಿಷಯಕ್ಕೆ ಕ್ಷಮೆ ಕೇಳಿ, ಕೈ ಮುಗಿದು ಹೇಳಬೇಕು.

ಆಗಸ್ಟ್ 4, ಸೋಮವಾರ

ಡಬ್ಬಿ ತೊಳೆದು ತಂದಿದ್ದರು. ಖಾಲಿ ಕೊಡಬಾರದಲ್ಲ, ಒಳಗೆ ಅಗಸೆ ಚಟ್ನಿಪುಡಿ ಹಾಕಿದ್ದರು. ನಾನು ಬಾಯಿ ತೆರೆಯುವ ಮೊದಲೇ, "ಏನ್ ಚೆನ್ನಾಗಿತ್ತು ರೀ ನಿನ್ನೆ! ನಮ್ಮೆಜಮಾನ್ರೂ ತಿಂದ್ರು. ಉಪ್ಪು, ಖಾರ, ಹುಳಿ ಎಲ್ಲ ಹದವಾಗಿತ್ತು" ಅಂದರು.

ಉಪ್ಪು.

ನಾನು ಏನು ಹೇಳಿದೆನೋ ನೆನಪಿಲ್ಲ. ಥ್ಯಾಂಕ್ಸ್ ಅಂದಿರಬೇಕು. ಸಂಜೆಯವರೆಗೆ ಒಂದೇ ಕಾಗದವನ್ನು ಮೂರು ಸಲ ಟೈಪ್ ಮಾಡಿದೆ.

ಹೊಟ್ಟೆ ತುಂಬೋಯ್ತು. ನಾಳೆ ಖಂಡಿತ. ಅಕ್ಕಿ ಬಿಟ್ಟಿದೀನಿ. ಬಿಸಿನೀರಿನ ಬಾಟಲಿ. ಈ ಡೈರಿಯನ್ನು ಹಿಂದೆ ತಿರುಗಿಸಿ ಓದಿದೆ. ಎಲ್ಲ ನಾನೇ ಬರೆದಿದ್ದೇನೆ, ನನ್ನ ಕೈಯಾರೆ, ಶಿಸ್ತು ಶಿಸ್ತು ಅಂತ ಕೊಂಡಾಡಿಕೊಂಡು. ಥೂ! ಅವರ ಡಬ್ಬಿಯಿಂದ ನಾನು ತಿಂದಿದ್ದೆಷ್ಟು, ನನ್ನ ಡಬ್ಬಿಯಿಂದ ಅವರು ತಿಂದಿದ್ದೆಷ್ಟು? ಈ ಮಾತು ಒಮ್ಮೆಯೂ ತಲೆಗೆ ಬರಲಿಲ್ಲವಲ್ಲ! ಆ ಬೇಲಿಯ ಹೊರಗೆ ನಿಂತವಳಿಗೆ ತಾನು ಹೊರಗೆ ನಿಂತಿದ್ದೇನೆ ಅಂತಾದರೂ ಗೊತ್ತಿತ್ತು. ನನಗೆ ಅದೂ ಇಲ್ಲ. ಅದೇ ಮಾತನ್ನು ಇವರ ಬಾಯಿಂದ ಅವ್ವನಿಗೆ ಹೇಳಿಸಬೇಕೆಂದು ಕಾದು ಕೂತಿದ್ದೆ.

ಮನೆಗೆ ಬಂದ ಕೂಡಲೇ ಅವ್ವ ಕೇಳಿದಳು. "ಮೇಡಮ್ಮೋರು ತಿಂದ್ರಂತಾ?"

"ಹೂಂ. ಚೆನ್ನಾಗಿತ್ತಂತೆ."

"ಉಪ್ಪಿಲ್ಲ ಅನ್ಲಿಲ್ವಾ?"

ನಾನು ಚಪ್ಪಲಿ ಬಿಚ್ಚುತ್ತಾ ಬಗ್ಗಿದವಳು ತಲೆ ಎತ್ತಲಿಲ್ಲ. ಅವ್ವ "ಕಾಲು ತೊಳ್ಕೊಂಡು ಬಾ. ಹಸಿದಿರ್ತೀಯ" ಅಂದಳು. ಒಲೆಯ ಮೇಲೆ ನವಣೆ ಬೇಯುತ್ತಿತ್ತು. ಅವಳೇ ಇಟ್ಟಿದ್ದಳು, ಗೋಡೆ ಹಿಡಿದುಕೊಂಡು ಹೋಗಿ. ಅದರ ಪಕ್ಕ ಸಣ್ಣ ಪಾತ್ರೆಯಲ್ಲಿ ಒಂದು ಹಿಡಿ ಅಕ್ಕಿಯೂ ಬೇಯುತ್ತಿತ್ತು. ನಾವು ಎರಡನ್ನೂ ತಿಂದೆವು.

ಆಗಸ್ಟ್ 6, ಬುಧವಾರ

ಇವತ್ತು ಡಬ್ಬಿಗೆ ನವಣೆ ಬಿಸಿಬೇಳೆ ತುಂಬಿದೆ. ಭಾನುವಾರದ್ದು ಹೇಗಿತ್ತೋ ಹಾಗೇ. ಉಪ್ಪಿನ ಡಬ್ಬಿಗೆ ಕೈ ಹೋಗಿತ್ತು, ಹಿಂದಕ್ಕೆ ತೆಗೆದುಕೊಂಡೆ.

ಮಧ್ಯಾಹ್ನ ಎಲ್ಲರೂ ಕೂತ ಮೇಲೆ ಮುಚ್ಚಳ ತೆಗೆದು ಮೇಜಿನ ನಡುವೆ ಇಟ್ಟೆ. "ಮೇಡಂ, ಭಾನುವಾರ ನೀವು ತಗೊಂಡು ಹೋದಿರಲ್ಲ, ಅದೇ" ಅಂದೆ.

"ಅಯ್ಯೋ, ಅದರ ರುಚಿ ಕೇಳ್ಬೇಡಿ!" ಎಂದು ಎಲ್ಲರ ಕಡೆ ತಿರುಗಿದರು. "ಅಂಬಿಕಾ ಕೈರುಚಿ ಅಂದ್ರೆ ಏನ್ ಹೇಳ್ಲಿ. ಉಪ್ಪು ಖಾರ ಅಂದ್ರೆ ಅದು ಹದ."

"ಹಂಗಾದ್ರೆ ಹಾಕ್ಕಳ್ರಿ ಮೇಡಂ" ಎಂದು ಒಂದು ಚಮಚ ಅವರ ಮುಚ್ಚಳಕ್ಕೆ ಹಾಕಿಯೇಬಿಟ್ಟೆ. ಅವರು ತಮ್ಮ ಚಮಚ ಎತ್ತಿಕೊಂಡರು. ಕೆಳಗೆ ಇಟ್ಟರು. ನೀರು ಕುಡಿದರು.

ಪಂಚಾಕ್ಷರಪ್ಪ ಸರ್ ಕಾಯುವ ಮನುಷ್ಯರಲ್ಲ. ಎರಡು ದೊಡ್ಡ ಚಮಚ ಬಾಯಿಗೆ ಹಾಕಿಕೊಂಡು, ಅಗಿಯುತ್ತಾ, ಮುಖ ಕಿವುಚಿ, "ಏನ್ರೀ ಅಂಬಿಕಾ, ಇದಕ್ಕೆ ಉಪ್ಪೇ ಇಲ್ವಲ್ರೀ!" ಅಂದರು.

"ಭಾನುವಾರನೂ ಇರ್ಲಿಲ್ಲ ಸರ್" ಅಂದೆ.

ನನ್ನ ದನಿ ಏರಲಿಲ್ಲ. ಅದೊಂದು ಆಶ್ಚರ್ಯ. ಸಂಧ್ಯಾರಾಣಿ ಕೈಯಲ್ಲಿ ಬಾಟಲಿ ಹಾಗೇ ಇತ್ತು. ಮುಖ ಕೆಂಪಾಗಿ, ಕುತ್ತಿಗೆಯವರೆಗೂ ಕೆಂಪಾಯಿತು. ಪಂಚಾಕ್ಷರಪ್ಪ ಸರ್ ಅವರನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. ಆಮೇಲೆ ತಮ್ಮ ಉಪ್ಪಿನಕಾಯಿ ಬಾಟಲಿ ತೆಗೆದು, ನನ್ನ ಡಬ್ಬಿಯನ್ನು ತಮ್ಮ ಮುಂದೆ ಎಳೆದುಕೊಂಡು, ಕಲಸಿಕೊಂಡು ತಿಂದು ಮುಗಿಸಿದರು. ನನಗೆ ಒಂದು ಅಗುಳೂ ಉಳಿಸಲಿಲ್ಲ.

ಸಂಜೆ ಬಸ್ ಸ್ಟ್ಯಾಂಡಿನ ಹತ್ತಿರ ನಿಂತು ಮೊಬೈಲಿನಲ್ಲಿ 'ಮೆಚ್ಚಿನ ಪದಾರ್ಥಗಳು' ತೆರೆದೆ. ಎಲ್ಲ ಅಳಿಸಿದೆ. ಆಮೇಲೆ ನವಣೆಯನ್ನು ಮಾತ್ರ ಮತ್ತೆ ಹಾಕಿದೆ. ಅವ್ವನ ಗಾಯದ ಅಂಚು ಒಣಗುತ್ತಿದೆ ಎಂದು ಡ್ರೆಸಿಂಗ್ ಮಾಡುವಾಗ ನರ್ಸ್ ಹೇಳಿದ್ದಳು.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಈ ಸಲ ಏನೂ ಬಚ್ಚಿಡಲಿಲ್ಲ. ಖುಷಿಪಡುತ್ತಾಳೆ, ಶಾಭಾಸ್ ಅನ್ನುತ್ತಾಳೆ ಅಂದುಕೊಂಡಿದ್ದೆ. ಅವ್ವ ಹಣೆ ಬಡಿದುಕೊಂಡಳು.

"ಏನು ಹೆಣ್ಣೇ ನೀನು! ಆ ಪಂಚಾಕ್ಷರಪ್ಪ ಸಾಹೇಬ್ರಿಗೆ ಉಪ್ಪಿಲ್ಲದ್ದು ಇಕ್ಕಿದ್ಯಾ? ಅವ್ರೇನು ಮಾಡಿದ್ರು ಪಾಪ?"

ನನಗೆ ಮೈಯೆಲ್ಲ ಉರಿಯಿತು. ಎಲ್ಲ ಕಥೆ ಕೇಳಿ ಇವಳಿಗೆ ಸಿಕ್ಕಿದ್ದು ಇಷ್ಟೇ! "ಅವರು ತಿಂದು ಮುಗಿಸಿದ್ರು, ಸಾಕಾ?" ಅಂದೆ.

"ಪೂರ್ತಿ?"

"ಪೂರ್ತಿ. ಡಬ್ಬಿ ನೆಕ್ಕಿ ಕೊಟ್ರು."

ಅವ್ವ ಗೋಡೆ ಹಿಡಿದು ಎದ್ದು, ಆ ನಗುವ ಮುದುಕಿಯ ಪ್ಯಾಕೆಟ್ ತೆಗೆದು, ನಾಳೆಗೆ ನೆನೆಹಾಕಲು ಪಾತ್ರೆಗೆ ಸುರಿದಳು. ಒಂದು ಹಿಡಿ ಹಾಕಿದಳು. ನೋಡಿ, ಇನ್ನೊಂದು ಹಿಡಿ ಹಾಕಿದಳು.

"ಆ ಸಾಹೇಬ್ರಿಗೂ ಸೇರ್ಸಿ ಮಾಡು. ಉಪ್ಪು ಹಾಕು" ಅಂದಳು.